ಕ್ಯಾಪಿನ ಕೆಳಗಿನ ಹಲ್ಲು

ಠಾಣೆ, ಡೊಂಬಿವಲಿ, ಕಲ್ಯಾಣದ ಸ್ಟೇಶನ್ ರಸ್ತೆಗಳಲ್ಲಿ ದಂತವೈದ್ಯರ ಬೋರ್ಡುಗಳಿಗೆ ಬರವಿಲ್ಲ. ರೂಟ್ ಕೆನಾಲ್ ಮುಗಿದ ಮೇಲೆ ‘ಮೆಟಲ್, ಸಿರಾಮಿಕ್, ಝಿರ್ಕೋನಿಯಾ, ಯಾವ ಕ್ಯಾಪ್ ಹಾಕಲಿ?’ ಎಂದು ಡಾಕ್ಟರು ಕೇಳಿದರೆ ನಮ್ಮವರು ಮೊದಲು ದರ ವಿಚಾರಿಸುತ್ತಾರೆ, ಆಮೇಲೆ ಬಣ್ಣ. ಅದಕ್ಕಾಗಿ ಉಳಿದ ಹಲ್ಲನ್ನು ಎಷ್ಟು ಸವೆಸಬೇಕು ಎಂದು ಕೇಳುವವರು ಅಪರೂಪ. ಈ ಶಾಸ್ತ್ರ ಬೆಳೆದು ಬಂದ ದಾರಿ ಅರ್ಥವಾಗುವುದು ಆ ಪ್ರಶ್ನೆಯಿಂದಲೇ ಎಂದು ನನ್ನ ನಂಬಿಕೆ.

ಇಟಲಿಯ ಎಟ್ರುಸ್ಕನ್ನರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿದಿದ್ದರು. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿಯುವ ಡ್ರಿಲ್ಲಿಗೆ ಪೇಟೆಂಟ್ ಪಡೆದ ಮೇಲೆ ಹಲ್ಲನ್ನು ಬೇಕಾದ ಆಕಾರಕ್ಕೆ ಸವೆಸುವುದು ಸುಲಭವಾಯಿತು. ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ 1903ರ ಹೊತ್ತಿಗೆ ಪೂರ್ತಿ ಪಿಂಗಾಣಿಯ ಕ್ಯಾಪ್ ತಂದರು. ನೋಡಲು ಚೆಂದ, ಆದರೆ ಬೇಗ ಒಡೆಯುತ್ತಿತ್ತು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚನ್ನು ಕರಗಿಸಿ ಆ ಜಾಗಕ್ಕೆ ಚಿನ್ನ ಎರಕ ಹೊಯ್ಯುವ ವಿಧಾನ ತೋರಿಸಿದರು. ಆ ಎರಕ ಹಲ್ಲಿಗೆ ಸರಿಯಾಗಿ ಕೂರುತ್ತಿತ್ತು.

ಮುಂಬಯಿಯಲ್ಲಿ ನಾಯರ್ ದಂತ ಕಾಲೇಜು ಶುರುವಾದದ್ದು 1933ರಲ್ಲಿ. 1948ರ ದಂತವೈದ್ಯರ ಕಾಯ್ದೆ ಪದವಿ ಇಲ್ಲದೆ ಅನುಭವದ ಮೇಲೆ ಹಲ್ಲು ಕಟ್ಟುತ್ತಿದ್ದವರಿಗೂ ನೋಂದಣಿಯಲ್ಲಿ ಪ್ರತ್ಯೇಕ ಭಾಗ ಕೊಟ್ಟಿತು. ಲ್ಯಾಬಿನಲ್ಲಿ ಕೆಲಸ ಮಾಡುವ ಡೆಂಟಲ್ ಮೆಕ್ಯಾನಿಕ್‌ರನ್ನೂ ಗುರುತಿಸಿತು. ನಮ್ಮ ಬಾಯಿಯ ಕ್ಯಾಪ್ ತಯಾರಾಗುವುದು ನಾವು ನೋಡದ ಇವರ ಕೈಯಲ್ಲಿ. ಇವರ ಹೆಸರು ರೋಗಿಗೆ ಗೊತ್ತಾಗುವುದೇ ಇಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ದೊಡ್ಡ ತಿರುವು ಬಂದದ್ದು 1962ರಲ್ಲಿ. ಪಿಂಗಾಣಿಯನ್ನು ಲೋಹದ ಮೇಲೆ ಬೇಯಿಸಿ ಅಂಟಿಸುವುದು ಅದುವರೆಗೆ ಕಷ್ಟವಾಗಿತ್ತು. ಕುಲುಮೆಯಿಂದ ತೆಗೆದು ತಣಿಯುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಪಿಂಗಾಣಿ ಬಿರಿಯುತ್ತಿತ್ತು. ವೈನ್‌ಸ್ಟೀನ್ ಮತ್ತು ಸಹೋದ್ಯೋಗಿಗಳು ಪಿಂಗಾಣಿಯಲ್ಲಿ ಲ್ಯೂಸೈಟ್ ಹರಳುಗಳ ಪಾಲು ಹೆಚ್ಚಿಸಿ, ಅದರ ಕುಗ್ಗುವಿಕೆಯನ್ನು ಲೋಹದ್ದಕ್ಕೆ ಹತ್ತಿರ ತಂದರು. ಇಂದು ನಾವು ‘ಸಿರಾಮಿಕ್ ಕ್ಯಾಪ್’ ಎನ್ನುವುದು ಬಹುಪಾಲು ಇದೇ. ಒಳಗೆ ಲೋಹ, ಮೇಲೆ ಪಿಂಗಾಣಿ. ಎರಡಕ್ಕೂ ಜಾಗ ಬೇಕಾದ್ದರಿಂದ ಅಗಿಯುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ಹಲ್ಲು ಹೋಗುತ್ತದೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಬ್ರಿಡ್ಜಿನಲ್ಲಿ ಈ ನಷ್ಟ ಇನ್ನೂ ಹೆಚ್ಚು. ಕಿತ್ತ ಒಂದು ಹಲ್ಲಿಗಾಗಿ ಆಚೀಚೆಯ ಎರಡನ್ನು ಸವೆಸಬೇಕು, ಅವು ಹುಳುಕಿಲ್ಲದ ಗಟ್ಟಿ ಹಲ್ಲುಗಳಾಗಿದ್ದರೂ. ಆಧಾರದ ಹಲ್ಲುಗಳ ಬೇರಿನ ಹರವು ಕಳೆದುಹೋದ ಹಲ್ಲುಗಳದ್ದಕ್ಕಿಂತ ಕಡಿಮೆ ಇರಬಾರದೆಂದು 1926ರಲ್ಲಿ ಆಂಟೆ ಹೇಳಿದ್ದು ಇಂದಿಗೂ ಕಾಲೇಜುಗಳಲ್ಲಿ ಪಾಠ. ಹಲ್ಲನ್ನು ಉಳಿಸುವ ಹಂಬಲ ಬೇರೆ ದಾರಿಗಳನ್ನು ತೆರೆಯಿತು. 1955ರಲ್ಲಿ ಬುವನೊಕೋರ್ ಎನಾಮಲ್ಲಿಗೆ ಆಮ್ಲ ಸವರಿ ಅದನ್ನು ಒರಟಾಗಿಸಿ ರಾಳ ಅಂಟುವಂತೆ ಮಾಡಿದ್ದರು. ಆ ಅಂಟಿನ ಬಲದಿಂದಲೇ 1973ರಲ್ಲಿ ರೋಷೆಟ್, ನಂತರ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಪಕ್ಕದ ಹಲ್ಲಿನ ಹಿಂಬದಿಗೆ ತೆಳ್ಳನೆಯ ರೆಕ್ಕೆ ಅಂಟಿಸುವ ಬ್ರಿಡ್ಜ್ ರೂಪಿಸಿದರು. ಸ್ವೀಡನ್ನಿನ ಬ್ರಾನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟೇನಿಯಂ ಇಂಪ್ಲಾಂಟ್ ಕೂರಿಸಿದರು. ಅದರಲ್ಲಿ ಪಕ್ಕದ ಹಲ್ಲುಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ದವಡೆಯ ಮೂಳೆ ಸಾಕಷ್ಟಿರಬೇಕು, ಕೈಯಲ್ಲಿ ಹಣವೂ ಇರಬೇಕು.

1985ರಲ್ಲಿ ಜ್ಯೂರಿಕ್‌ನಲ್ಲಿ ಮೋರ್ಮನ್ ಕಂಪ್ಯೂಟರ್ ಕೊರೆದ ಸಿರಾಮಿಕ್ ತುಂಡನ್ನು ರೋಗಿಯ ಹಲ್ಲಿಗೆ ಅಂಟಿಸಿದರು. ಅದೇ ದಾರಿ ಮುಂದೆ ಝಿರ್ಕೋನಿಯಾಕ್ಕೆ ಬಂತು. ಸೀಮೆಸುಣ್ಣದಂತಿರುವ ಬಿಲ್ಲೆಯಿಂದ ಕ್ಯಾಪನ್ನು ಶೇಕಡ 20ರಿಂದ 25 ದೊಡ್ಡದಾಗಿ ಕಡೆದು, ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಪೂರ್ತಿ ಝಿರ್ಕೋನಿಯಾದ ಕ್ಯಾಪಿಗೆ ದವಡೆ ಹಲ್ಲಿನ ಮೇಲೆ ಒಂದು ಮಿಲಿಮೀಟರ್ ಜಾಗ ಸಾಕಾಗಬಹುದು. ದರ ಕೇಳಿ ಹಿಂಜರಿಯುವವರಿಗೆ ನಾನು ಹೇಳುವುದು ಈ ಲಾಭವನ್ನು.

ಬೆಲೆಯೇ ಅಡ್ಡಿಯಾದರೆ ನವಿ ಮುಂಬಯಿಯ ನೆರೂಲ್, ಬೇಲಾಪುರ, ಖಾರ್ಘರ್, ಕಾಮೋಠೆಗಳಲ್ಲಿ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಎಲ್ಲಿ ಹಾಕಿಸಿದರೂ ಒಂದು ಮಾತು: ಕ್ಯಾಪ್ ಹುಳುಕಾಗುವುದಿಲ್ಲ, ಅದರ ಅಂಚಿನಲ್ಲಿ ಒಸಡಿಗೆ ತಾಗಿಕೊಂಡಿರುವ ನಮ್ಮದೇ ಹಲ್ಲು ಹುಳುಕಾಗುತ್ತದೆ. ಬ್ರಿಡ್ಜಿನ ಅಡಿಯಲ್ಲಿ ಬರಿ ಬ್ರಶ್ ಹೋಗುವುದಿಲ್ಲ. ಅಲ್ಲಿಗೆ ದಾರ ತೂರಿಸಿ ಶುಚಿ ಮಾಡುವುದನ್ನು ಕ್ಯಾಪ್ ಕೂರಿಸಿದ ದಿನವೇ ಡಾಕ್ಟರಿಂದ ಕಲಿತುಕೊಂಡು ಬರಬೇಕು.