ಕಡಲಿಲ್ಲದ ಶಿನಾನೊ ಮತ್ತು ಅದರ ದೇವಗಿರಿಗಳು



ಒಂದು ಹಳೆಯ ತಪ್ಪನ್ನು ತಿದ್ದಿಕೊಳ್ಳಲು ಈ ಲೇಖನವನ್ನು ಬರೆಯುತ್ತಿದ್ದೇನೆ. 1998ರ ಫೆಬ್ರವರಿಯಲ್ಲಿ ಜಪಾನಿನ ನಾಗಾನೊದಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದವು. ಹದಿನಾರು ವರ್ಷದ ಶಿವ ಕೇಶವನ್ ಎಂಬ ಹುಡುಗ ಭಾರತದ ಪರವಾಗಿ ಹಿಮದ ಜಾರುಬಂಡಿಯ ಸ್ಪರ್ಧೆಯಲ್ಲಿ ಭಾಗವಹಿಸಿದ್ದನು. ಆ ವಾರ ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸಾರ್, ನಾಗಾನೊ ಯಾವ ಸಮುದ್ರದ ದಡದಲ್ಲಿದೆ?" ಎಂದು ಕೇಳಿದನು. ಗೋಡೆಯ ಮೇಲೆ ಏಷ್ಯಾ ಖಂಡದ ಭೂಪಟ ತೂಗುತ್ತಿತ್ತು. ಅದರಲ್ಲಿ ಜಪಾನು ನನ್ನ ಕಿರುಬೆರಳಿನಷ್ಟು ಉದ್ದ. ನಾನು ಕೋಲನ್ನು ಅದರ ಮೇಲಿಟ್ಟು, "ಜಪಾನು ದ್ವೀಪರಾಷ್ಟ್ರ, ಅಲ್ಲಿನ ಊರುಗಳೆಲ್ಲ ಕಡಲ ದಡದವೇ" ಎಂದು ಹೇಳಿ ಪಾಠವನ್ನು ಮುಂದುವರಿಸಿದೆ. ಗೊತ್ತಿಲ್ಲ ಎನ್ನಲು ಮಾಸ್ತರರಿಗೆ ಆಗ ನಾಲಗೆ ಏಳುತ್ತಿರಲಿಲ್ಲ.

ನಾಗಾನೊಗೆ ಸಮುದ್ರವೇ ಇಲ್ಲ. ಜಪಾನಿನ ನಲವತ್ತೇಳು ಪ್ರಾಂತಗಳಲ್ಲಿ ಕಡಲಂಚು ಇಲ್ಲದವು ಎಂಟು. ಅವುಗಳಲ್ಲಿ ಅತಿ ದೊಡ್ಡದು ನಾಗಾನೊ. ಹಿಂದಿನ ಕಾಲದಲ್ಲಿ ಇದನ್ನು ಶಿನಾನೊ ಎನ್ನುತ್ತಿದ್ದರು. ಸುಮಾರು 13,560 ಚದರ ಕಿಲೋಮೀಟರು ವಿಸ್ತಾರದ ಈ ನಾಡನ್ನು ಎಂಟು ನೆರೆ ಪ್ರಾಂತಗಳು ಸುತ್ತುವರಿದಿವೆ. ಆದರೆ ನನ್ನ ಉತ್ತರದಲ್ಲಿ ಒಂದು ಗುಲಗಂಜಿಯಷ್ಟು ಸತ್ಯವಿತ್ತೆಂಬುದನ್ನೂ ಸಂಕೋಚದಿಂದಲೇ ಹೇಳಬೇಕು. ಜಪಾನಿನಲ್ಲಿ ಸಮುದ್ರದಿಂದ ಅತ್ಯಂತ ದೂರವಿರುವ ಸ್ಥಳವು ಇದೇ ನಾಗಾನೊದ ಸಾಕು ನಗರದ ಎಲ್ಲೆಯೊಳಗಿದೆ. ಆ ದೂರವಾದರೂ ಎಷ್ಟು? ಸುಮಾರು 115 ಕಿಲೋಮೀಟರು ಮಾತ್ರ. ಆದರೆ ನಡುವೆ ಬೆಟ್ಟಗಳು ನಿಂತಾಗ ಕಿಲೋಮೀಟರಿನ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ಪಶ್ಚಿಮದಲ್ಲಿ ಹಿದಾ, ನಡುವೆ ಕಿಸೊ, ದಕ್ಷಿಣದಲ್ಲಿ ಅಕೈಶಿ ಎಂಬ ಮೂರು ಪರ್ವತಶ್ರೇಣಿಗಳು ಈ ನಾಡಿನಲ್ಲಿವೆ. ಮೂರು ಸಾವಿರ ಮೀಟರು ಮೀರಿದ ಶಿಖರಗಳು ಹಲವು. ಇವಕ್ಕೆ 'ಜಪಾನಿನ ಆಲ್ಪ್ಸ್' ಎಂಬ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಪರದೇಶದವರಿಂದ. ವಿಲಿಯಂ ಗೌಲೆಂಡ್ ಎಂಬ ಇಂಗ್ಲಿಷ್ ಗಣಿತಜ್ಞ (ಲೆಕ್ಕದ ಗಣಿತವಲ್ಲ, ಅದಿರಿನ ಗಣಿ!) ಬಳಸಿದ ಹೆಸರನ್ನು ವಾಲ್ಟರ್ ವೆಸ್ಟನ್ ಎಂಬ ಪಾದ್ರಿ 1896ರ ತನ್ನ ಗ್ರಂಥದಿಂದ ಪ್ರಚುರಪಡಿಸಿದನು. ಈ ಶ್ರೇಣಿಗಳ ನಡುವೆ ಬಟ್ಟಲುಗಳಂತೆ ತಗ್ಗುಪ್ರದೇಶಗಳಿವೆ: ನಾಗಾನೊ, ಮಾತ್ಸುಮೊತೊ, ಸುವಾ, ಇನಾ. ಜನರು ವಾಸಿಸುವುದು ಹೆಚ್ಚಾಗಿ ಈ ಬಟ್ಟಲುಗಳಲ್ಲೇ. 1875ರಲ್ಲಿ ಜಪಾನಿಗೆ ಬಂದ ಜರ್ಮನಿಯ ಭೂವಿಜ್ಞಾನಿ ನೌಮನ್, ದ್ವೀಪದ ನಡುವನ್ನೇ ಸೀಳಿದಂತಿರುವ ಒಂದು ಮಹಾ ತಗ್ಗನ್ನು ಇಲ್ಲಿ ಗುರುತಿಸಿ ಅದಕ್ಕೆ 'ಫೊಸ್ಸಾ ಮಾಗ್ನಾ' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ದೊಡ್ಡ ಕಂದಕ. ಒಂದು ಕಾಲಕ್ಕೆ ಆ ಕಂದಕದಲ್ಲಿ ಸಮುದ್ರವೇ ತುಂಬಿತ್ತು. ತೊಗಕುಶಿ ಪರ್ವತದ ಆಸುಪಾಸಿನಲ್ಲಿ ಇಂದಿಗೂ ಕಡಲ ಚಿಪ್ಪುಗಳ ಪಳೆಯುಳಿಕೆಗಳು ದೊರೆಯುತ್ತವೆ. ನೋಡಿ, ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಷ್ಟೂ ಅದು ಬೆಳೆಯುತ್ತದೆ!

ಇಲ್ಲಿ ಬಿದ್ದ ಮಳೆ ಎರಡು ಕಡೆಗೆ ಹರಿಯುತ್ತದೆ. ಚಿಕುಮಾ ಎಂಬ ಹೆಸರಿನಿಂದ ಹೊರಡುವ ನದಿಯು ಮುಂದೆ ಶಿನಾನೊ ನದಿಯಾಗಿ, ಒಟ್ಟು 367 ಕಿಲೋಮೀಟರು ಹರಿದು ಜಪಾನ್ ಸಮುದ್ರವನ್ನು ಸೇರುತ್ತದೆ. ಆ ದೇಶದಲ್ಲಿ ಇದಕ್ಕಿಂತ ಉದ್ದದ ನದಿಯಿಲ್ಲ. ಸುವಾ ಸರೋವರದಿಂದ ಹೊರಡುವ ತೆನ್‌ರ್ಯೂ ನದಿಯಾದರೋ ದಕ್ಷಿಣಕ್ಕೆ ಇಳಿದು ಪೆಸಿಫಿಕ್ ಸಾಗರ ಸೇರುತ್ತದೆ. ನೀರು ಹೊರಗೆ ಹೋಗುವುದು ಸುಲಭ, ಉಪ್ಪು ಒಳಗೆ ಬರುವುದು ಕಷ್ಟ. ಇತೊಯಿಗಾವಾ ಎಂಬ ಕಡಲ ಊರಿನಿಂದ ಮಾತ್ಸುಮೊತೊವರೆಗೆ ಸುಮಾರು 120 ಕಿಲೋಮೀಟರಿನ ಕಣಿವೆಯ ದಾರಿಗೆ 'ಉಪ್ಪಿನ ಹಾದಿ' ಎಂದೇ ಹೆಸರು. ಬೇಸಗೆಯಲ್ಲಿ ಎತ್ತುಗಳ ಮೇಲೆ, ಹಿಮ ಬಿದ್ದ ಮೇಲೆ ಮನುಷ್ಯರ ಬೆನ್ನಿನ ಮೇಲೆ ಉಪ್ಪು ಬರುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ತಾಕೆದಾ ಶಿಂಗೆನ್ ಎಂಬ ದೊರೆಗೆ ಇತರರು ಉಪ್ಪನ್ನು ತಡೆದಾಗ, ಅವನ ಬದ್ಧವೈರಿಯಾದ ಉಯೆಸುಗಿ ಕೆನ್ಶಿನ್ ತಾನೇ ಉಪ್ಪನ್ನು ಬಿಟ್ಟುಕೊಟ್ಟನೆಂಬ ಐತಿಹ್ಯವಿದೆ. ದಾಖಲೆಗಿಂತ ಕಥೆಯೇ ಇದರಲ್ಲಿ ಹೆಚ್ಚೆಂದು ತೋರುತ್ತದೆ.

ಇನ್ನು ಬೆಟ್ಟಗಳ ದೈವತ್ವದ ವಿಚಾರ. ನಾವು ಬೆಟ್ಟದ ಮೇಲೆ ಗುಡಿ ಕಟ್ಟಿ ದೇವರನ್ನು ಕೂರಿಸುತ್ತೇವೆ. ಅಲ್ಲಿ ಅನೇಕ ಕಡೆ ಬೆಟ್ಟವೇ ದೇವರು. ಸುವಾ ಸರೋವರದ ದಕ್ಷಿಣಕ್ಕಿರುವ ಮೇಲಿನ ದೇಗುಲದ ಮುಖ್ಯ ಪ್ರಾಂಗಣದಲ್ಲಿ ಗರ್ಭಗುಡಿ ಎಂಬುದೇ ಇಲ್ಲ; ಹಿಂದಿನ ಮೊರಿಯಾ ಬೆಟ್ಟವೇ ದೈವಶರೀರವೆಂದು ಸಂಪ್ರದಾಯ. ಆರು ವರ್ಷಗಳಿಗೊಮ್ಮೆ, ಹುಲಿಯ ವರ್ಷ ಮತ್ತು ಕೋತಿಯ ವರ್ಷಗಳಲ್ಲಿ, ಬೆಟ್ಟದಿಂದ ಹದಿನಾರು ಮಹಾವೃಕ್ಷಗಳನ್ನು ಕಡಿದು ತಂದು ಸುವಾದ ನಾಲ್ಕು ದೇಗುಲಗಳ ನಾಲ್ಕು ಮೂಲೆಗಳಲ್ಲಿ ನಿಲ್ಲಿಸುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಆ ದಿಮ್ಮಿಗಳ ಮೇಲೆ ಕುಳಿತೇ ಜನರು ಜಾರಿ ಬರುತ್ತಾರೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. 2022ರಲ್ಲಿ ಸಾಂಕ್ರಾಮಿಕದ ಭಯದಿಂದ ದಿಮ್ಮಿಗಳನ್ನು ಬೆಟ್ಟದಿಂದ ವಾಹನದಲ್ಲಿ ಇಳಿಸಬೇಕಾಯಿತು.

ಅದೇ ಸುವಾ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಬಿರಿದು ದಡದಿಂದ ದಡಕ್ಕೆ ಏಣುಗಳು ಏಳುತ್ತವೆ. ದಕ್ಷಿಣ ದಡದ ದೇವನು ಉತ್ತರ ದಡದ ತನ್ನ ದೇವಿಯನ್ನು ಕಾಣಲು ನಡೆದು ಹೋದ ಹಾದಿ ಅದೆಂದು ಜನರ ನಂಬಿಕೆ. ಅರ್ಚಕರು 1443ರಿಂದ ಇದರ ದಾಖಲೆಯನ್ನು ಬಿಡದೆ ಬರೆದಿಟ್ಟಿದ್ದಾರೆ. ಮೊದಲ ಎರಡೂವರೆ ಶತಮಾನಗಳಲ್ಲಿ ಸರೋವರ ಹೆಪ್ಪುಗಟ್ಟದ ವರ್ಷಗಳು ಬೆರಳೆಣಿಕೆಯವು. ಈಚಿನ ದಶಕಗಳಲ್ಲಿ ಅದೇ ಸಾಮಾನ್ಯವಾಗಿಬಿಟ್ಟಿದೆ. 2018ರ ಚಳಿಗಾಲದಲ್ಲಿ ಕಂಡ ಹಾದಿ ಅದರ ಬಳಿಕ ವರ್ಷಗಟ್ಟಲೆ ಕಾಣಲಿಲ್ಲ. ಭಕ್ತಿಯಿಂದ ಬರೆದಿಟ್ಟ ಪುಸ್ತಕವನ್ನು ಇಂದು ಹವಾಮಾನದ ವಿಜ್ಞಾನಿಗಳು ಓದುತ್ತಿದ್ದಾರೆ.

ಉತ್ತರದ ತೊಗಕುಶಿಯ ಕಥೆಯೂ ಸೊಗಸಾಗಿದೆ. ಸೂರ್ಯದೇವಿ ಅಮತೆರಾಸು ಮುನಿಸಿಕೊಂಡು ಗುಹೆಯೊಳಗೆ ಅಡಗಿದಾಗ, ಬಲಶಾಲಿಯಾದ ದೇವನೊಬ್ಬನು ಗುಹೆಯ ಕಲ್ಲಿನ ಬಾಗಿಲನ್ನು ಕಿತ್ತೆಸೆದನಂತೆ. ಅದು ಬಂದು ಬಿದ್ದದ್ದೇ ತೊಗಕುಶಿ ಬೆಟ್ಟ. ಅದೇ ಬೆಟ್ಟದಲ್ಲಿ ಒಂಬತ್ತು ಹೆಡೆಯ ನಾಗದೈವಕ್ಕೆ ಮಳೆಗಾಗಿ ಪೂಜೆ ಸಲ್ಲುತ್ತದೆ. ಶತಮಾನಗಳ ಕಾಲ ಇಲ್ಲಿ ಬುದ್ಧನೂ ನಾಡದೈವಗಳೂ ಒಂದೇ ಆವರಣದಲ್ಲಿದ್ದರು. ಬೆಟ್ಟದಲ್ಲಿ ತಪಸ್ಸು ಮಾಡುವ 'ಶುಗೆಂದೊ' ಪಂಥದವರಿಗೆ ಇದು ಮುಖ್ಯ ಕೇಂದ್ರ. 1868ರಲ್ಲಿ ಹೊಸ ಮೇಜಿ ಸರ್ಕಾರವು ಬೌದ್ಧವನ್ನೂ ಶಿಂತೊವನ್ನೂ ಬೇರ್ಪಡಿಸಲು ಆಜ್ಞೆ ಹೊರಡಿಸಿತು. ಬುದ್ಧನ ಮೂರ್ತಿಗಳು ಹೊರಬಿದ್ದವು. 1872ರಲ್ಲಿ ಶುಗೆಂದೊ ಪಂಥವೇ ನಿಷಿದ್ಧವಾಯಿತು. ಕಾಗದದ ಮೇಲೆ ಎರಡಾಗಿ ಹಂಚುವುದು ಸರ್ಕಾರಗಳಿಗೆ ಎಲ್ಲ ದೇಶದಲ್ಲೂ ಪ್ರಿಯವಾದ ಕೆಲಸ. ಆದರೆ ಅದೇ 1872ರಲ್ಲಿ ಅದೇ ಸರ್ಕಾರ ಇನ್ನೊಂದು ಆಜ್ಞೆಯಿಂದ ಪವಿತ್ರ ಸ್ಥಳಗಳಲ್ಲಿ ಹೆಂಗಸರಿಗಿದ್ದ ನಿಷೇಧವನ್ನು ರದ್ದುಪಡಿಸಿತೆಂಬುದನ್ನೂ ಹೇಳಲೇಬೇಕು. ಅಲ್ಲಿಯವರೆಗೆ ತೊಗಕುಶಿಯಲ್ಲಿ ಒಂದು ಗಡಿಯಾಚೆ ಹೆಂಗಸರು ಕಾಲಿಡುವಂತಿರಲಿಲ್ಲ. ಹಾಗೆ ದಾಟಿದ ಸನ್ಯಾಸಿನಿಯೊಬ್ಬಳು ಕಲ್ಲಾದಳೆಂದು ಒಂದು ಬಂಡೆಯನ್ನು ತೋರಿಸುತ್ತಾರೆ.

ನನಗೆ ಅತ್ಯಂತ ಆಸಕ್ತಿ ಹುಟ್ಟಿಸಿದ್ದು ನೈಋತ್ಯದ ಒಂಟಾಕೆ. 3,067 ಮೀಟರು ಎತ್ತರದ ಜ್ವಾಲಾಮುಖಿ. ಹಿಂದೆ ಅದನ್ನು ಏರಬೇಕಾದರೆ 75 ಅಥವಾ 100 ದಿನಗಳ ಕಠಿಣ ವ್ರತ ಆಗಬೇಕಿತ್ತು. ಹೊಲಗದ್ದೆ ಬಿಟ್ಟು ಅಷ್ಟು ದಿನ ಯಾವ ರೈತ ಕುಳಿತಾನು? 1785ರಲ್ಲಿ ಕಾಕುಮೆಯ್ ಎಂಬ ಸಾಧಕನು ಅನುಮತಿ ದೊರೆಯದಿದ್ದರೂ, ಹಗುರವಾದ ವ್ರತ ಮಾಡಿದ ಸಾಮಾನ್ಯರನ್ನು ಕರೆದುಕೊಂಡು ಬೆಟ್ಟ ಏರಿದನು. 1792ರಲ್ಲಿ ಫುಕನ್ ಎಂಬ ಇನ್ನೊಬ್ಬನು ಓತಾಕಿಯ ಕಡೆಯಿಂದ ಮತ್ತೊಂದು ದಾರಿ ತೆರೆದನು. ಆ ಮೇಲೆ ಊರೂರುಗಳಲ್ಲಿ ಒಂಟಾಕೆಯ ಭಕ್ತಕೂಟಗಳು ಹುಟ್ಟಿಕೊಂಡವು. ಸತ್ತ ಭಕ್ತನ ಆತ್ಮವು ಈ ಬೆಟ್ಟಕ್ಕೆ ಮರಳುತ್ತದೆಂಬ ನಂಬಿಕೆಯಿಂದ ಅವನ ಹೆಸರಿನ ಕಲ್ಲನ್ನು ದಾರಿಯ ಬದಿಯಲ್ಲಿ ನೆಡುತ್ತಾರೆ. ಅಂಥ ಕಲ್ಲುಗಳು ಸಾವಿರಾರು ಇವೆ.

1891ರಲ್ಲಿ ಇದೇ ಬೆಟ್ಟಕ್ಕೆ ಪರ್ಸಿವಲ್ ಲೊವೆಲ್ ಎಂಬ ಅಮೆರಿಕನ್ನನು ಬಂದನು. ಭಕ್ತರ ಮೈಮೇಲೆ ದೇವರು ಬರುವುದನ್ನು ಕಣ್ಣಾರೆ ಕಂಡು ಬೆರಗಾಗಿ, ಅದನ್ನೇ ಕುರಿತು ಪುಸ್ತಕ ಬರೆದನು. (ಜಾತ್ರೆಯಲ್ಲಿ ಮೈದುಂಬುವುದನ್ನು ಕಂಡು ಬೆಳೆದ ನಮಗೆ ಅದರಲ್ಲಿ ಅಷ್ಟು ಬೆರಗಿಲ್ಲ.) ಮುಂದೆ ದೂರದರ್ಶಕ ಹಿಡಿದು ಮಂಗಳಗ್ರಹದಲ್ಲಿ ಕಾಲುವೆಗಳಿವೆಯೆಂದು ಸಾಧಿಸಹೊರಟವನೂ ಈತನೇ. ಈತ ಕಟ್ಟಿಸಿದ ವೀಕ್ಷಣಾಲಯದಲ್ಲಿಯೇ 1930ರಲ್ಲಿ ಪ್ಲೂಟೊ ಪತ್ತೆಯಾಯಿತು. ವಿಜ್ಞಾನದ ಪಾಠದಲ್ಲಿ ಕೇಳಿದ ಹೆಸರು ಬೆಟ್ಟದ ದೇವರ ಕಥೆಯಲ್ಲಿ ಎದುರಾದಾಗ ಹಳೆಯ ಶಿಷ್ಯನನ್ನು ಬಸ್ ನಿಲ್ದಾಣದಲ್ಲಿ ಕಂಡಷ್ಟು ಸಂತೋಷವಾಯಿತು.

ಒಂಟಾಕೆ ಆರಿಹೋದ ಜ್ವಾಲಾಮುಖಿಯೆಂದೇ ಬಹುಕಾಲ ಭಾವಿಸಲಾಗಿತ್ತು. 1979ರ ಅಕ್ಟೋಬರಿನಲ್ಲಿ ಅದು ಸಿಡಿಯಿತು. ಜೀವಂತ, ಸುಪ್ತ, ಮೃತ ಎಂದು ಜ್ವಾಲಾಮುಖಿಗಳನ್ನು ಮೂರಾಗಿ ವಿಂಗಡಿಸುವ ಪದ್ಧತಿಯನ್ನೇ ಜಪಾನಿನ ವಿಜ್ಞಾನಿಗಳು ಬಿಟ್ಟರು. ನಾನಾದರೋ ಆ ಮೂರು ಬಗೆಗಳನ್ನು ಪರೀಕ್ಷೆಯಲ್ಲಿ ಕೇಳಿ, ಒಂದು ತಪ್ಪಿದರೆ ಒಂದು ಅಂಕ ಕಳೆಯುತ್ತಿದ್ದೆ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಬಣ್ಣ ತಿರುಗುವ ಕಾಲ. ಬೆಳಿಗ್ಗೆ 11 ಗಂಟೆ 52 ನಿಮಿಷ. ಶಿಖರದಲ್ಲಿ ಜನರು ಬುತ್ತಿ ಬಿಚ್ಚುವ ಹೊತ್ತಿಗೆ ಬೆಟ್ಟವು ಮತ್ತೆ ಸಿಡಿಯಿತು. ಎಚ್ಚರಿಕೆಯ ಮಟ್ಟ ಆ ದಿನ ಎಲ್ಲಕ್ಕಿಂತ ಕೆಳಗಿನದಾಗಿತ್ತು. ಸ್ಫೋಟ ದೊಡ್ಡದೇನಲ್ಲ, ಆದರೆ ಜನರು ಬಾಯಿಯ ಅಂಚಿನಲ್ಲೇ ಇದ್ದರು. 58 ಮಂದಿ ಸತ್ತರು, ಐವರು ಸಿಗಲೇ ಇಲ್ಲ.

ಪೂರ್ವದ ಗಡಿಯಲ್ಲಿ ಆಸಾಮಾ ಎಂಬ ಇನ್ನೊಂದು ಜ್ವಾಲಾಮುಖಿಯಿದೆ. 1783ರ ಆಗಸ್ಟಿನಲ್ಲಿ ಅದರ ಕಲ್ಲುಮಣ್ಣಿನ ಪ್ರವಾಹವು ಆಚೆ ಮಗ್ಗುಲಿನ, ಅದೂ ಕಡಲಿಲ್ಲದ ಗುಮ್ಮಾ ಪ್ರಾಂತದ ಕನ್ಬರಾ ಗ್ರಾಮವನ್ನು ಹೂತುಹಾಕಿತು. ಸತ್ತವರು 477 ಮಂದಿ. ಎತ್ತರದಲ್ಲಿದ್ದ ಕರುಣಾದೇವತೆ ಕಾನ್ನೊನಳ ಗುಡಿಗೆ ಓಡಿದವರು ಬದುಕಿಕೊಂಡರು. ಗುಡಿಗೆ ಇದ್ದ ಐವತ್ತು ಮೆಟ್ಟಿಲುಗಳಲ್ಲಿ ಹದಿನೈದು ಮಾತ್ರ ಇಂದು ಮೇಲೆ ಕಾಣುತ್ತವೆ. 1979ರಲ್ಲಿ ಅಗೆದು ನೋಡಿದಾಗ ಕೆಳಗಿನ ಮೆಟ್ಟಿಲುಗಳ ಬಳಿ ಇಬ್ಬರು ಹೆಂಗಸರ ಅಸ್ಥಿಗಳು ದೊರೆತವು. ಕಿರಿಯಳು ವೃದ್ಧೆಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲೇರುತ್ತಿದ್ದ ಭಂಗಿಯಲ್ಲಿ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ಇದೇ ಶಿನಾನೊದಲ್ಲಿ 'ಒಬಾಸುತೆ', ಅಂದರೆ ಮುದುಕಿಯರನ್ನು ಬಿಟ್ಟುಬರುವ ಬೆಟ್ಟ, ಎಂಬ ಹೆಸರಿನ ಬೆಟ್ಟವೂ ಇದೆ. ವಯಸ್ಸಾದ ತಾಯಿಯನ್ನು ಮಗನು ಬೆನ್ನ ಮೇಲೆ ಹೊತ್ತೊಯ್ದು ಅಲ್ಲಿ ಬಿಟ್ಟುಬರುತ್ತಾನೆ. ಅವಳು ದಾರಿಯುದ್ದಕ್ಕೂ ರೆಂಬೆಗಳನ್ನು ಮುರಿದು ಹಾಕುತ್ತಾಳೆ, ಮಗನು ಹಿಂದಿರುಗುವಾಗ ದಾರಿ ತಪ್ಪದಿರಲೆಂದು. ಇಂಥ ಪದ್ಧತಿ ನಿಜವಾಗಿ ಇತ್ತೆನ್ನಲು ಇತಿಹಾಸದಲ್ಲಿ ಪುರಾವೆಯಿಲ್ಲ. ಆ ಬೆಟ್ಟದ ತಪ್ಪಲು ಇಂದು ಮೆಟ್ಟಿಲು ಗದ್ದೆಗಳಿಗೂ ಬೆಳದಿಂಗಳಿಗೂ ಪ್ರಸಿದ್ಧ. ನನ್ನ ತಾಯಿಯವರ ಕೊನೆಯ ವರ್ಷದಲ್ಲಿ ದಿನವೂ ಬೆಳಿಗ್ಗೆ ಅವರನ್ನು ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಿನಲ್ಲಿ ಕೂರಿಸುತ್ತಿದ್ದೆ. "ಭಾರ ಆಗ್ತೀನೇನೋ ಮಗಾ?" ಎಂದು ದಿನವೂ ಕೇಳುತ್ತಿದ್ದರು. ಶಾಲೆಗೆ ಹೊತ್ತಾಗುತ್ತದೆಂಬ ಅವಸರದಲ್ಲಿ ಎಷ್ಟೋ ದಿನ ನಾನು ಉತ್ತರ ಕೊಡಲಿಲ್ಲ. ಅದು ಈಗ ನೆನಪಾಗುತ್ತದೆ.

ನಾಗಾನೊ ನಗರದ ಜೆಂಕೋಜಿ ದೇವಾಲಯದ ಬುದ್ಧನೂ ಬೆನ್ನ ಮೇಲೆಯೇ ಬಂದವನು. ಆ ಮೂರ್ತಿ ನಮ್ಮ ವೈಶಾಲಿಯಲ್ಲಿ ಹುಟ್ಟಿ, ಕೊರಿಯಾ ದಾಟಿ, 552ರಲ್ಲಿ ಜಪಾನಿಗೆ ಬಂದಿತೆಂದು ಸ್ಥಳಪುರಾಣ ಹೇಳುತ್ತದೆ. ವಿರೋಧಿಗಳು ಕಾಲುವೆಗೆ ಎಸೆದಿದ್ದ ಅದನ್ನು ಹೊಂದಾ ಯೊಶಿಮಿತ್ಸು ಎಂಬ ಸಾಮಾನ್ಯನು ಊರಿಗೆ ಹೊತ್ತು ತಂದನು. ಹಗಲು ಅವನು ಬುದ್ಧನನ್ನು ಹೊತ್ತರೆ, ರಾತ್ರಿ ಬುದ್ಧನು ಅವನನ್ನು ಹೊತ್ತನಂತೆ. ಆ ಮೂಲಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ.

ಕೊನೆಯದಾಗಿ ನೊಮುಗಿ ಕಣಿವೆದಾರಿ. ಒಂಟಾಕೆಗೂ ನೊರಿಕುರಾ ಪರ್ವತಕ್ಕೂ ನಡುವೆ, 1,672 ಮೀಟರು ಎತ್ತರದಲ್ಲಿದೆ. ಮೇಜಿ ಕಾಲದಲ್ಲಿ ಹಿದಾ ಪ್ರದೇಶದ ಬಡ ರೈತರ ಹೆಣ್ಣುಮಕ್ಕಳು, ಹನ್ನೆರಡು ಹದಿಮೂರು ವರ್ಷದವರೂ ಸೇರಿ, ಹಿಮದಲ್ಲಿ ಈ ದಾರಿಯನ್ನು ನಡೆದು ಸುವಾ ಸರೋವರದ ದಡದ ರೇಷ್ಮೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಜಪಾನು ಯುದ್ಧನೌಕೆಗಳನ್ನು ಕೊಂಡದ್ದು ಬಹುಮಟ್ಟಿಗೆ ರೇಷ್ಮೆಯ ಹಣದಿಂದ. ಆ ಕಾಲದ 'ಜಪಾನಿನ ಪ್ರಗತಿ'ಯನ್ನು ನಾನು ಹತ್ತಾರು ವರ್ಷ ಪಾಠ ಮಾಡಿದ್ದೇನೆ. ಈ ಹುಡುಗಿಯರ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. 1909ರ ನವೆಂಬರಿನಲ್ಲಿ ಮಸಾಯಿ ಮಿನೆ ಎಂಬ ಯುವತಿ ಗಿರಣಿಯಲ್ಲಿ ಕಾಯಿಲೆ ಬಿದ್ದಳು. ಅಣ್ಣನು ಬಂದು ಅವಳನ್ನು ಬೆನ್ನ ಮೇಲೆ ಹೊತ್ತು ಊರ ಕಡೆಗೆ ನಡೆದನು. ನೊಮುಗಿಯ ನೆತ್ತಿಯನ್ನು ತಲಪಿದಾಗ, ಹಿದಾ ಕಾಣುತ್ತಿದೆ ಎಂದು ಹೇಳಿ ಅವಳು ಪ್ರಾಣ ಬಿಟ್ಟಳು. ಅಣ್ಣ ತಂಗಿಯರ ಪ್ರತಿಮೆ ಅಲ್ಲಿ ನಿಂತಿದೆ.

ನಾನು ಆ ನಾಡನ್ನು ಕಂಡಿಲ್ಲ. ಈ ಮೊಣಕಾಲುಗಳನ್ನು ನಂಬಿ ಕಾಣುವ ಆಸೆಯನ್ನೂ ಇಟ್ಟುಕೊಂಡಿಲ್ಲ. ಹಿಂದಿನ ಬೆಂಚಿನ ಆ ವಿದ್ಯಾರ್ಥಿ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವನ ಸಂಪರ್ಕವಿದ್ದರೆ, ನಾಗಾನೊಗೆ ಸಮುದ್ರವಿಲ್ಲವೆಂದು ಮಾಸ್ತರರು ಒಪ್ಪಿಕೊಂಡರೆಂದು ದಯವಿಟ್ಟು ತಿಳಿಸಿ.