ದಕ್ಷಿಣ ಏಷ್ಯಾದ ರಾಷ್ಟ್ರಮುಖ್ಯಸ್ಥರು ಮತ್ತು ಸರ್ಕಾರ ಪದ್ಧತಿಗಳು

ದಕ್ಷಿಣ ಏಷ್ಯಾದ ರಾಷ್ಟ್ರಮುಖ್ಯಸ್ಥರು ಎಂದರೆ ಸಾರ್ಕ್ ಸಂಘಟನೆಯ ಎಂಟು ಸದಸ್ಯ ದೇಶಗಳಾದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ್, ಮಾಲ್ಡೀವ್ಸ್ ಮತ್ತು ಅಫ್ಘಾನಿಸ್ತಾನಗಳಲ್ಲಿ ರಾಜ್ಯದ ಅತ್ಯುನ್ನತ ಪದವಿಯನ್ನು ಹೊಂದಿರುವವರು. ಇವುಗಳಲ್ಲಿ ಆರು ದೇಶಗಳು ಗಣರಾಜ್ಯಗಳು. ಭೂತಾನ್ ಸಾಂವಿಧಾನಿಕ ರಾಜಪ್ರಭುತ್ವ. ಅಫ್ಘಾನಿಸ್ತಾನವು 2021ರಿಂದ ತಾಲಿಬಾನ್ ಆಡಳಿತದಲ್ಲಿದೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ನೇಪಾಳಗಳಲ್ಲಿ ರಾಷ್ಟ್ರಪತಿಯು ನಾಮಮಾತ್ರ ಕಾರ್ಯಾಂಗದ ಮುಖ್ಯಸ್ಥನಾಗಿದ್ದು, ನೈಜ ಅಧಿಕಾರವು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲದಲ್ಲಿದೆ. ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗಳಲ್ಲಿ ಜನರಿಂದ ನೇರವಾಗಿ ಚುನಾಯಿತನಾದ ಅಧ್ಯಕ್ಷನೇ ಸರ್ಕಾರವನ್ನು ನಡೆಸುತ್ತಾನೆ.

ಪದವಿಯ ಹೆಸರಿನಿಂದ ಅಧಿಕಾರದ ಪ್ರಮಾಣವನ್ನು ಅಳೆಯಲಾಗದು. ಶಾಸನಸಭೆಯನ್ನು ವಿಸರ್ಜಿಸುವ ಹಾಗೂ ಸರ್ಕಾರವನ್ನು ವಜಾಗೊಳಿಸುವ ಅಧಿಕಾರ ಯಾರಲ್ಲಿದೆ, ಆ ಕ್ರಮವನ್ನು ನ್ಯಾಯಾಲಯವು ಪರಿಶೀಲಿಸಬಹುದೇ ಎಂಬ ಎರಡು ಪ್ರಶ್ನೆಗಳೇ ಈ ಪ್ರದೇಶದ ಸಾಂವಿಧಾನಿಕ ಇತಿಹಾಸದಲ್ಲಿ ನಿರ್ಣಾಯಕವಾಗಿವೆ.

ಪದನಾಮಗಳು

ಭಾರತ, ನೇಪಾಳ ಮತ್ತು ಬಾಂಗ್ಲಾದೇಶಗಳ ಭಾಷೆಗಳಲ್ಲಿ ‘ರಾಷ್ಟ್ರಪತಿ’ ಎಂಬ ಒಂದೇ ಸಂಸ್ಕೃತ ಪದವು ಬಳಕೆಯಲ್ಲಿದೆ. ಸಿಂಹಳದಲ್ಲಿ ‘ಜನಾಧಿಪತಿ’, ಉರ್ದುವಿನಲ್ಲಿ ‘ಸದರ್’ ಎನ್ನುತ್ತಾರೆ. ಭೂತಾನದ ಅರಸನ ಬಿರುದು ‘ಡ್ರುಕ್ ಗ್ಯಾಲ್ಪೊ’. ಕನ್ನಡ ಪತ್ರಿಕೆಗಳು ಭಾರತದ ಮುಖ್ಯಸ್ಥರನ್ನು ರಾಷ್ಟ್ರಪತಿ ಎಂದೂ ಶ್ರೀಲಂಕಾ, ಮಾಲ್ಡೀವ್ಸ್‌ಗಳ ಮುಖ್ಯಸ್ಥರನ್ನು ಅಧ್ಯಕ್ಷ ಎಂದೂ ಬರೆಯುವುದು ರೂಢಿ. ಈ ಭೇದವು ಅಧಿಕಾರದ ಭೇದಕ್ಕೆ ಹೊಂದಿಕೊಂಡಿರುವುದು ಓದುಗರಿಗೆ ಅನುಕೂಲವೇ ಆಗಿದೆ.

ಶೃಂಗಸಭೆಗಳಲ್ಲಿ ಯಾರು ಭಾಗವಹಿಸುತ್ತಾರೆ ಎಂಬುದರಿಂದಲೂ ಪದ್ಧತಿಯನ್ನು ಗುರುತಿಸಬಹುದು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಎರಡನೆಯ ಸಾರ್ಕ್ ಶೃಂಗಸಭೆಯಲ್ಲಿ ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಬಾಂಗ್ಲಾದೇಶದ ಅಧ್ಯಕ್ಷ ಎರ್ಷಾದ್, ಶ್ರೀಲಂಕಾದ ಅಧ್ಯಕ್ಷ ಜೆ. ಆರ್. ಜಯವರ್ಧನೆ ಮತ್ತು ಮಾಲ್ಡೀವ್ಸ್‌ನ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ತಮ್ಮ ದೇಶಗಳನ್ನು ಪ್ರತಿನಿಧಿಸಿದ್ದರು. ಭಾರತದಿಂದ ಪ್ರಧಾನಿ ರಾಜೀವ್ ಗಾಂಧಿ ಇದ್ದರು. 2014ರ ಕಠ್ಮಂಡು ಶೃಂಗಸಭೆಯ ಹೊತ್ತಿಗೆ ನೇಪಾಳ, ಭೂತಾನ್ ಮತ್ತು ಬಾಂಗ್ಲಾದೇಶಗಳ ಪರವಾಗಿ ಪ್ರಧಾನಮಂತ್ರಿಗಳು ಬಂದಿದ್ದರು. ಮೂರು ದಶಕಗಳಿಗೂ ಕಡಿಮೆ ಅವಧಿಯಲ್ಲಿ ಈ ಮೂರು ದೇಶಗಳಲ್ಲಿ ಅಧಿಕಾರದ ಕೇಂದ್ರವು ಸ್ಥಳಾಂತರಗೊಂಡಿತ್ತು.

ಭಾರತ

ಭಾರತವು 26 ಜನವರಿ 1950ರಂದು ಗಣರಾಜ್ಯವಾಯಿತು. ಸಂವಿಧಾನದ 53ನೆಯ ವಿಧಿಯು ಒಕ್ಕೂಟದ ಕಾರ್ಯಾಂಗ ಅಧಿಕಾರವನ್ನು ರಾಷ್ಟ್ರಪತಿಯಲ್ಲಿ ನಿಹಿತಗೊಳಿಸಿದರೆ, 74ನೆಯ ವಿಧಿಯು ಅವರಿಗೆ ಸಲಹೆ ನೀಡಲು ಮಂತ್ರಿಪರಿಷತ್ತು ಇರತಕ್ಕದ್ದು ಎನ್ನುತ್ತದೆ. ಆ ಸಲಹೆಗೆ ರಾಷ್ಟ್ರಪತಿಯು ಬದ್ಧರೇ ಎಂಬುದನ್ನು ಮೂಲ ಸಂವಿಧಾನ ಸ್ಪಷ್ಟಪಡಿಸಿರಲಿಲ್ಲ. ಪ್ರಥಮ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು 1960ರಲ್ಲಿ ಈ ಪ್ರಶ್ನೆಯ ಅಧ್ಯಯನ ನಡೆಯಬೇಕೆಂದು ಬಹಿರಂಗವಾಗಿಯೇ ಸೂಚಿಸಿದ್ದರು. 1976ರ 42ನೆಯ ತಿದ್ದುಪಡಿಯು ಸಲಹೆಯನ್ನು ಕಡ್ಡಾಯಗೊಳಿಸಿತು. 1978ರ 44ನೆಯ ತಿದ್ದುಪಡಿಯು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶವನ್ನು ನೀಡಿತು. ಮರಳಿ ಬಂದ ಸಲಹೆಯನ್ನು ಒಪ್ಪಲೇಬೇಕು.

ರಾಷ್ಟ್ರಪತಿಯ ಚುನಾವಣೆಯಲ್ಲಿ ಸಂಸತ್ತಿನ ಉಭಯ ಸದನಗಳ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಮತ ಚಲಾಯಿಸುತ್ತಾರೆ. ವಿಧಾನಸಭಾ ಸದಸ್ಯರ ಮತದ ಮೌಲ್ಯವು 1971ರ ಜನಗಣತಿಯ ಆಧಾರದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುತ್ತದೆ. ಕರ್ನಾಟಕದ ಶಾಸಕರ ಮತದ ಮೌಲ್ಯ 131, ಉತ್ತರ ಪ್ರದೇಶದವರದು 208, ಸಿಕ್ಕಿಂನವರದು 7. 25 ಜುಲೈ 2022ರಂದು ದ್ರೌಪದಿ ಮುರ್ಮು 15ನೆಯ ರಾಷ್ಟ್ರಪತಿಯಾಗಿ ಅಧಿಕಾರ ಸ್ವೀಕರಿಸಿದರು.

ನಾಮಮಾತ್ರ ಪದವಿ ಎಂದಮಾತ್ರಕ್ಕೆ ಅದು ಪರಿಣಾಮಶೂನ್ಯವಲ್ಲ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಪ್ರಧಾನಿಯ ಸಲಹೆಯಂತೆ, ಮಂತ್ರಿಮಂಡಲದ ಸಭೆ ಸೇರುವುದಕ್ಕೂ ಮೊದಲೇ, ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. 1977ರ ಏಪ್ರಿಲ್‌ನಲ್ಲಿ ಹೊಸ ಜನತಾ ಸರ್ಕಾರವು ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಶಿಫಾರಸು ಮಾಡಿದಾಗ, ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ. ಡಿ. ಜತ್ತಿಯವರು ಕೂಡಲೇ ಸಹಿ ಹಾಕದೆ ತಡೆದರು. ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿಯಾಗಿದ್ದ ಜತ್ತಿಯವರು ಕೊನೆಗೆ ಏಪ್ರಿಲ್ 30ರಂದು ಸಹಿ ಮಾಡಿದರು. ಕೆ. ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದ ಬಗೆಗೂ 1998ರಲ್ಲಿ ಬಿಹಾರದ ಬಗೆಗೂ ಬಂದ ರಾಷ್ಟ್ರಪತಿ ಆಳ್ವಿಕೆಯ ಶಿಫಾರಸುಗಳನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಈ ಎರಡು ಘಟ್ಟಗಳ ನಡುವೆ 1994ರಲ್ಲಿ ಎಸ್. ಆರ್. ಬೊಮ್ಮಾಯಿ ಪ್ರಕರಣದ ತೀರ್ಪು ಬಂದಿತ್ತು. 1989ರಲ್ಲಿ ಕರ್ನಾಟಕದ ಬೊಮ್ಮಾಯಿ ಸರ್ಕಾರವನ್ನು ವಜಾಗೊಳಿಸಿದುದೂ ಸೇರಿದಂತೆ ಹಲವು ಪ್ರಕರಣಗಳನ್ನು ಒಟ್ಟಾಗಿ ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು, 356ನೆಯ ವಿಧಿಯ ಘೋಷಣೆಯು ನ್ಯಾಯಿಕ ಪರಿಶೀಲನೆಗೆ ಒಳಪಟ್ಟಿದೆ ಎಂದೂ, ಬಹುಮತದ ಪರೀಕ್ಷೆಯು ಸದನದಲ್ಲಿಯೇ ನಡೆಯಬೇಕು ಎಂದೂ ಹೇಳಿತು.

ಪಾಕಿಸ್ತಾನ

ವಿಸರ್ಜನಾಧಿಕಾರದ ಪ್ರಶ್ನೆ ಪಾಕಿಸ್ತಾನದಲ್ಲಿ ಎದ್ದಷ್ಟು ಬಾರಿ ಬೇರೆಲ್ಲಿಯೂ ಎದ್ದಿಲ್ಲವೆನ್ನಬಹುದು. 1956ರ ಮಾರ್ಚ್ 23ರವರೆಗೆ ಆ ದೇಶವು ಡೊಮಿನಿಯನ್ ಆಗಿದ್ದು, ಬ್ರಿಟಿಷ್ ಅರಸೊತ್ತಿಗೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಅತ್ಯುನ್ನತ ಸ್ಥಾನದಲ್ಲಿದ್ದನು. 1954ರ ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಂ ಮೊಹಮ್ಮದ್ ಸಂವಿಧಾನ ರಚನಾ ಸಭೆಯನ್ನೇ ವಿಸರ್ಜಿಸಿದರು. ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ನ್ಯಾಯಾಲಯದ ಮೊರೆಹೊಕ್ಕರು. ಸಿಂಧ್‌ನ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತಾದರೂ 1955ರಲ್ಲಿ ಫೆಡರಲ್ ನ್ಯಾಯಾಲಯವು ಅದನ್ನು ತಳ್ಳಿಹಾಕಿತು.

ಪ್ರಥಮ ಅಧ್ಯಕ್ಷ ಇಸ್ಕಂದರ್ ಮಿರ್ಜಾ 1958ರ ಅಕ್ಟೋಬರ್‌ನಲ್ಲಿ ಸೇನಾಡಳಿತವನ್ನು ಘೋಷಿಸಿ, ಮೂರು ವಾರಗಳೊಳಗೆ ತಾವೇ ಸೇನಾಪತಿ ಅಯೂಬ್ ಖಾನರಿಂದ ಪದಚ್ಯುತರಾದರು. ಅಯೂಬರ 1962ರ ಸಂವಿಧಾನವು ಅಧ್ಯಕ್ಷೀಯ ಪದ್ಧತಿಯನ್ನು ತಂದಿತು. ಅಧ್ಯಕ್ಷನನ್ನು ಆರಿಸುವ ಹಕ್ಕು ಸುಮಾರು 80,000 ‘ಮೂಲ ಪ್ರಜಾಪ್ರತಿನಿಧಿ’ಗಳಿಗೆ ಮಾತ್ರ ಇತ್ತು. 1973ರ ಸಂವಿಧಾನವು ಸಂಸದೀಯ ಪದ್ಧತಿಗೆ ಮರಳಿತು.

ಜನರಲ್ ಜಿಯಾ ಉಲ್ ಹಕ್ 1985ರಲ್ಲಿ ಎಂಟನೆಯ ತಿದ್ದುಪಡಿಯ ಮೂಲಕ 58ನೆಯ ವಿಧಿಗೆ 2(ಬಿ) ಉಪವಿಧಿಯನ್ನು ಸೇರಿಸಿದರು. ಸಂವಿಧಾನಕ್ಕನುಗುಣವಾಗಿ ಸರ್ಕಾರ ನಡೆಯಲಾರದ ಸ್ಥಿತಿ ಒದಗಿದೆಯೆಂದು ಅಧ್ಯಕ್ಷನಿಗೆ ತೋರಿದರೆ ತನ್ನ ವಿವೇಚನೆಯಿಂದಲೇ ರಾಷ್ಟ್ರೀಯ ಸಭೆಯನ್ನು ವಿಸರ್ಜಿಸಲು ಅದು ಅವಕಾಶ ನೀಡಿತು. 1988ರಲ್ಲಿ ಜಿಯಾ ಅವರೇ ಪ್ರಧಾನಿ ಮೊಹಮ್ಮದ್ ಖಾನ್ ಜುನೇಜೋ ಅವರ ಸರ್ಕಾರವನ್ನು, ಗುಲಾಂ ಇಶಾಕ್ ಖಾನ್ 1990ರಲ್ಲಿ ಬೆನಜೀರ್ ಭುಟ್ಟೊ ಅವರ ಸರ್ಕಾರವನ್ನೂ 1993ರಲ್ಲಿ ನವಾಜ್ ಷರೀಫ್ ಸರ್ಕಾರವನ್ನೂ, ಫಾರೂಕ್ ಲೆಘಾರಿ 1996ರಲ್ಲಿ ಪುನಃ ಬೆನಜೀರ್ ಸರ್ಕಾರವನ್ನೂ ಇದೇ ಉಪವಿಧಿಯ ಬಲದಿಂದ ಕೆಳಗಿಳಿಸಿದರು. ಲೆಘಾರಿಯವರು ಬೆನಜೀರ್ ಅವರದೇ ಪಕ್ಷದಿಂದ ಅಧ್ಯಕ್ಷ ಪದವಿಗೆ ಏರಿದ್ದವರು. 1993ರಲ್ಲಿ ಮಾತ್ರ ಸರ್ವೋಚ್ಚ ನ್ಯಾಯಾಲಯವು ವಜಾಗೊಂಡ ಸರ್ಕಾರವನ್ನು ಮರುಸ್ಥಾಪಿಸಿತು. ಆದರೆ ಜಗಳ ಮುಂದುವರಿದು ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷ ಮತ್ತು ಪ್ರಧಾನಿ ಇಬ್ಬರೂ ರಾಜೀನಾಮೆ ನೀಡಬೇಕಾಯಿತು. 1997ರ 13ನೆಯ ತಿದ್ದುಪಡಿಯು ಈ ಅಧಿಕಾರವನ್ನು ಕಿತ್ತುಹಾಕಿತು. ಪರ್ವೇಜ್ ಮುಷರಫ್ ಕಾಲದಲ್ಲಿ 2003ರ 17ನೆಯ ತಿದ್ದುಪಡಿಯು ಅದನ್ನು ಮರಳಿ ತಂದಿತು. 2010ರ 18ನೆಯ ತಿದ್ದುಪಡಿಯು ಮತ್ತೆ ತೆಗೆದುಹಾಕಿತು. ಆಗ ಅಧ್ಯಕ್ಷರಾಗಿದ್ದ ಆಸಿಫ್ ಅಲಿ ಜರ್ದಾರಿ ತಮ್ಮ ಅಧಿಕಾರವನ್ನು ತಾವೇ ಮೊಟಕುಗೊಳಿಸುವ ಮಸೂದೆಗೆ ಅಂಕಿತ ಹಾಕಿದಂತಾಯಿತು. ಅವರು 2024ರ ಮಾರ್ಚ್‌ನಲ್ಲಿ ಎರಡನೆಯ ಬಾರಿಗೆ ಅಧ್ಯಕ್ಷರಾದರು.

ಬಾಂಗ್ಲಾದೇಶ

1972ರ ಸಂವಿಧಾನವು ಸಂಸದೀಯ ಪದ್ಧತಿಯನ್ನು ಅಂಗೀಕರಿಸಿತ್ತು. 1975ರ ಜನವರಿಯ ನಾಲ್ಕನೆಯ ತಿದ್ದುಪಡಿಯಿಂದ ಶೇಖ್ ಮುಜೀಬುರ್ ರಹಮಾನ್ ಅಧ್ಯಕ್ಷೀಯ ಪದ್ಧತಿಯನ್ನೂ ಏಕಪಕ್ಷ ವ್ಯವಸ್ಥೆಯನ್ನೂ ಜಾರಿಗೆ ತಂದರು. ಅದೇ ಆಗಸ್ಟ್ 15ರಂದು ಅವರ ಹತ್ಯೆಯಾಯಿತು. ಅಧ್ಯಕ್ಷೀಯ ಪದ್ಧತಿಯು ಜಿಯಾವುರ್ ರಹಮಾನ್ ಮತ್ತು ಎರ್ಷಾದ್ ಅವರ ಕಾಲದಲ್ಲಿ ಮುಂದುವರಿದು, 1990ರ ಜನಾಂದೋಲನದ ನಂತರ 1991ರ 12ನೆಯ ತಿದ್ದುಪಡಿಯಿಂದ ಕೊನೆಗೊಂಡಿತು. ಅಂದಿನಿಂದ ರಾಷ್ಟ್ರಪತಿಯನ್ನು ಸಂಸತ್ ಸದಸ್ಯರು ಆರಿಸುತ್ತಾರೆ. ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಯ ನೇಮಕವನ್ನು ಹೊರತುಪಡಿಸಿ ಉಳಿದೆಲ್ಲ ಕಾರ್ಯಗಳನ್ನು ಅವರು ಪ್ರಧಾನಿಯ ಸಲಹೆಯಂತೆ ನಡೆಸಬೇಕು.

ಚುನಾವಣೆಯ ಕಾಲಕ್ಕೆ ಪಕ್ಷಾತೀತ ಉಸ್ತುವಾರಿ ಸರ್ಕಾರ ಇರಬೇಕೆಂಬ 1996ರ 13ನೆಯ ತಿದ್ದುಪಡಿ ಈ ದೇಶದ ವಿಶಿಷ್ಟ ಪ್ರಯೋಗ. 2006ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಇಯಾಜುದ್ದೀನ್ ಅಹ್ಮದ್ ತಾವೇ ಮುಖ್ಯ ಸಲಹೆಗಾರನ ಸ್ಥಾನವನ್ನೂ ವಹಿಸಿಕೊಂಡಾಗ ವಿವಾದ ಭುಗಿಲೆದ್ದು, 2007ರ ಜನವರಿ 11ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. 2011ರಲ್ಲಿ 15ನೆಯ ತಿದ್ದುಪಡಿಯು ಈ ವ್ಯವಸ್ಥೆಯನ್ನು ರದ್ದುಪಡಿಸಿತು. 2024ರ ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ತೊರೆದ ಮರುದಿನ ರಾಷ್ಟ್ರಪತಿ ಮೊಹಮ್ಮದ್ ಶಹಾಬುದ್ದೀನ್ ಸಂಸತ್ತನ್ನು ವಿಸರ್ಜಿಸಿದರು. ಆಗಸ್ಟ್ 8ರಂದು ಮುಹಮ್ಮದ್ ಯೂನುಸ್ ನೇತೃತ್ವದ ಮಧ್ಯಂತರ ಸರ್ಕಾರಕ್ಕೆ ಪ್ರಮಾಣವಚನ ಬೋಧಿಸಿದರು.

ಶ್ರೀಲಂಕಾ

1948ರಲ್ಲಿ ಸ್ವತಂತ್ರವಾದ ಸಿಲೋನ್ 1972ರ ಮೇ 22ರವರೆಗೆ ಡೊಮಿನಿಯನ್ ಆಗಿತ್ತು. ಗಣರಾಜ್ಯದ ಪ್ರಥಮ ಅಧ್ಯಕ್ಷ ವಿಲಿಯಂ ಗೋಪಲ್ಲವ ನಾಮಮಾತ್ರ ಮುಖ್ಯಸ್ಥರಾಗಿದ್ದರು. ಜಯವರ್ಧನೆಯವರ 1978ರ ಸಂವಿಧಾನವು ಪ್ರಧಾನಿ ಪದವಿಯನ್ನು ಉಳಿಸಿಕೊಂಡೇ ಅಧ್ಯಕ್ಷನನ್ನು ರಾಜ್ಯ, ಸರ್ಕಾರ ಮತ್ತು ಸಶಸ್ತ್ರ ಪಡೆಗಳ ಮುಖ್ಯಸ್ಥನನ್ನಾಗಿ ಮಾಡಿತು. ಮತದಾರರು ಮೂವರು ಅಭ್ಯರ್ಥಿಗಳವರೆಗೆ ಪ್ರಾಶಸ್ತ್ಯಕ್ರಮದಲ್ಲಿ ಮತ ನೀಡಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದೆ ಎರಡನೆಯ ಎಣಿಕೆ ನಡೆದುದು 2024ರಲ್ಲಿ ಮಾತ್ರ. ಆ ಚುನಾವಣೆಯಲ್ಲಿ ಅನುರ ಕುಮಾರ ದಿಸ್ಸನಾಯಕೆ ಗೆದ್ದರು.

ಅಧ್ಯಕ್ಷನ ಅಧಿಕಾರವು ತಿದ್ದುಪಡಿಗಳ ಮೂಲಕ ಹಿಗ್ಗುತ್ತ ಕುಗ್ಗುತ್ತ ಬಂದಿದೆ. 2001ರ 17ನೆಯ ತಿದ್ದುಪಡಿಯು ಅದನ್ನು ಮಿತಗೊಳಿಸಿತು. 2010ರ 18ನೆಯದು ಎರಡೇ ಅವಧಿಯ ಮಿತಿಯನ್ನೂ ತೆಗೆದುಹಾಕಿತು. 2015ರ 19ನೆಯದು ಮಿತಿಗಳನ್ನು ಮರಳಿ ತಂದರೆ, 2020ರ 20ನೆಯದು ಅವುಗಳಲ್ಲಿ ಹಲವನ್ನು ಅಳಿಸಿತು. 2022ರ 21ನೆಯದು ಕೆಲವನ್ನು ಪುನಃಸ್ಥಾಪಿಸಿತು. 19ನೆಯ ತಿದ್ದುಪಡಿಯ ಪರೀಕ್ಷೆ ನಡೆದುದು 2018ರಲ್ಲಿ. ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ತೆಗೆದು ಮಹಿಂದ ರಾಜಪಕ್ಸೆಯವರನ್ನು ನೇಮಿಸಿದರು. ನವೆಂಬರ್ 9ರಂದು ಸಂಸತ್ತನ್ನು ವಿಸರ್ಜಿಸಿದರು. ನಾಲ್ಕೂವರೆ ವರ್ಷ ತುಂಬುವ ಮೊದಲು, ಮೂರನೆಯ ಎರಡು ಭಾಗ ಸದಸ್ಯರ ನಿರ್ಣಯವಿಲ್ಲದೆ, ವಿಸರ್ಜನೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಡಿಸೆಂಬರ್ 13ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಮೂರು ದಿನಗಳ ನಂತರ ವಿಕ್ರಮಸಿಂಘೆ ಮತ್ತೆ ಪ್ರಧಾನಿಯಾದರು. 2022ರ ಜುಲೈನಲ್ಲಿ ಆರ್ಥಿಕ ಕುಸಿತದಿಂದ ರೊಚ್ಚಿಗೆದ್ದ ಜನರ ಒತ್ತಡಕ್ಕೆ ಮಣಿದು ಗೊಟಬಯ ರಾಜಪಕ್ಸೆ ದೇಶ ತೊರೆದು ರಾಜೀನಾಮೆ ನೀಡಿದಾಗ, ಉಳಿದ ಅವಧಿಗೆ ಅಧ್ಯಕ್ಷರನ್ನಾಗಿ ಸಂಸತ್ತು ಆರಿಸಿದುದೂ ಅವರನ್ನೇ.

ನೇಪಾಳ

1960ರ ಡಿಸೆಂಬರ್ 15ರಂದು ದೊರೆ ಮಹೇಂದ್ರ, ಬಿ. ಪಿ. ಕೊಯಿರಾಲ ಅವರ ಚುನಾಯಿತ ಸರ್ಕಾರವನ್ನು ವಜಾಗೊಳಿಸಿ ಪಕ್ಷರಹಿತ ಪಂಚಾಯತ್ ವ್ಯವಸ್ಥೆಗೆ ದಾರಿಮಾಡಿದರು. ಅದು ಮೂವತ್ತು ವರ್ಷ ನಡೆಯಿತು. 1990ರ ಸಂವಿಧಾನವು ಅರಸನನ್ನು ಸಾಂವಿಧಾನಿಕ ಮುಖ್ಯಸ್ಥನನ್ನಾಗಿಸಿತಾದರೂ, 2005ರ ಫೆಬ್ರವರಿ 1ರಂದು ದೊರೆ ಜ್ಞಾನೇಂದ್ರ ಕಾರ್ಯಾಂಗವನ್ನು ತಮ್ಮ ಕೈಗೆ ತೆಗೆದುಕೊಂಡರು. ಮರುವರ್ಷದ ಜನಾಂದೋಲನದ ಮುಂದೆ ಮಣಿದು ಏಪ್ರಿಲ್ 24ರಂದು ಸಂಸತ್ತನ್ನು ಮರುಸ್ಥಾಪಿಸಿದರು. 2008ರ ಮೇ 28ರಂದು ಸಂವಿಧಾನ ಸಭೆಯು ರಾಜಪ್ರಭುತ್ವವನ್ನು ರದ್ದುಗೊಳಿಸಿತು. ರಾಮ್ ಬರನ್ ಯಾದವ್ ಪ್ರಥಮ ರಾಷ್ಟ್ರಪತಿಯಾದರು.

2015ರ ಸಂವಿಧಾನವು ಪ್ರಧಾನಿಗೆ ಮನಬಂದಂತೆ ವಿಸರ್ಜನೆಯನ್ನು ಶಿಫಾರಸು ಮಾಡುವ ಅವಕಾಶ ನೀಡಿಲ್ಲ; 76ನೆಯ ವಿಧಿಯ ಪ್ರಕಾರ ಪರ್ಯಾಯ ಸರ್ಕಾರ ರಚನೆಯ ಎಲ್ಲ ಮಾರ್ಗಗಳೂ ಮುಗಿದಿರಬೇಕು. ಆದರೂ ಕೆ. ಪಿ. ಶರ್ಮಾ ಓಲಿಯವರ ಶಿಫಾರಸಿನಂತೆ ರಾಷ್ಟ್ರಪತಿ ಬಿದ್ಯಾದೇವಿ ಭಂಡಾರಿ 2020ರ ಡಿಸೆಂಬರ್‌ನಲ್ಲಿಯೂ 2021ರ ಮೇ ತಿಂಗಳಲ್ಲಿಯೂ ಪ್ರತಿನಿಧಿ ಸಭೆಯನ್ನು ವಿಸರ್ಜಿಸಿದರು. ಸರ್ವೋಚ್ಚ ನ್ಯಾಯಾಲಯವು ಎರಡು ಬಾರಿಯೂ ಸಭೆಯನ್ನು ಮರುಸ್ಥಾಪಿಸಿತು. ಎರಡನೆಯ ತೀರ್ಪಿನಲ್ಲಿ ಶೇರ್ ಬಹಾದುರ್ ದೇವುಬಾ ಅವರನ್ನು ಪ್ರಧಾನಿಯಾಗಿ ನೇಮಿಸುವಂತೆಯೇ ಆದೇಶಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಪ್ರತಿಭಟನೆಯಿಂದ ಓಲಿ ರಾಜೀನಾಮೆ ನೀಡಿದಾಗ ರಾಷ್ಟ್ರಪತಿ ರಾಮಚಂದ್ರ ಪೌಡೆಲ್ ಅವರು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿಯವರನ್ನು ಮಧ್ಯಂತರ ಪ್ರಧಾನಿಯಾಗಿ ನೇಮಿಸಿದರು. ಅವರ ಶಿಫಾರಸಿನಂತೆ ಪ್ರತಿನಿಧಿ ಸಭೆಯು ಮತ್ತೆ ವಿಸರ್ಜನೆಗೊಂಡಿತು.

ಭೂತಾನ್

ಭೂತಾನದಲ್ಲಿ ಅಧಿಕಾರವನ್ನು ಬಿಟ್ಟುಕೊಡಲು ಮುಂದಾದವನು ಅರಸನೇ. ವಾಂಗ್‌ಚುಕ್ ವಂಶದ ಆಳ್ವಿಕೆ 1907ರ ಡಿಸೆಂಬರ್ 17ರಂದು ಆರಂಭವಾಯಿತು. ನಾಲ್ಕನೆಯ ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 1998ರಲ್ಲಿ ಕಾರ್ಯಾಂಗವನ್ನು ಮಂತ್ರಿಮಂಡಲಕ್ಕೆ ವಹಿಸಿ, 2006ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2008ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ 47 ಸ್ಥಾನಗಳ ಪೈಕಿ 45 ಒಂದೇ ಪಕ್ಷದ ಪಾಲಾದವು. ಅದೇ ಜುಲೈ 18ರಂದು ಸಂವಿಧಾನ ಜಾರಿಗೆ ಬಂದಿತು. ಅದರ ಪ್ರಕಾರ ಅರಸನು 65ನೆಯ ವಯಸ್ಸಿನಲ್ಲಿ ಸಿಂಹಾಸನವನ್ನು ತ್ಯಜಿಸಬೇಕು. ಸಂಸತ್ತಿನ ಜಂಟಿ ಅಧಿವೇಶನದ ನಾಲ್ಕನೆಯ ಮೂರು ಭಾಗ ಸದಸ್ಯರು ನಿರ್ಣಯಿಸಿ, ಜನಮತಸಂಗ್ರಹದಲ್ಲಿ ಅದು ಅಂಗೀಕಾರವಾದರೆ ಅವನನ್ನು ಪಟ್ಟದಿಂದ ಇಳಿಸಲೂಬಹುದು. ಚುನಾವಣೆಯ ಪ್ರಾಥಮಿಕ ಸುತ್ತಿನಲ್ಲಿ ಮೊದಲೆರಡು ಸ್ಥಾನ ಪಡೆದ ಪಕ್ಷಗಳು ಮಾತ್ರ ಅಂತಿಮ ಸುತ್ತಿಗೆ ಹೋಗುತ್ತವೆ.

ಮಾಲ್ಡೀವ್ಸ್

1953ರಲ್ಲಿ ಕೆಲಕಾಲ ಗಣರಾಜ್ಯವಾಗಿದ್ದುದನ್ನು ಬಿಟ್ಟರೆ, ಈ ದ್ವೀಪರಾಷ್ಟ್ರವು 1968ರ ನವೆಂಬರ್ 11ರವರೆಗೆ ಸುಲ್ತಾನರ ಆಳ್ವಿಕೆಯಲ್ಲಿತ್ತು. ಇಲ್ಲಿ ಈಗ ಪ್ರಧಾನಿ ಪದವಿಯೇ ಇಲ್ಲ. ಗಯೂಮ್ 1978ರಿಂದ 2008ರವರೆಗೆ ಅಧ್ಯಕ್ಷರಾಗಿದ್ದರು. 2008ರ ಸಂವಿಧಾನವು ಬಹುಪಕ್ಷೀಯ ನೇರ ಚುನಾವಣೆಯನ್ನೂ ಐದು ವರ್ಷಗಳ ಎರಡೇ ಅವಧಿಗಳ ಮಿತಿಯನ್ನೂ ತಂದಿತು. ಆ ವರ್ಷ ಗೆದ್ದ ಮೊಹಮದ್ ನಶೀದ್ 2012ರ ಫೆಬ್ರವರಿಯಲ್ಲಿ ರಾಜೀನಾಮೆ ನೀಡಿದರು. ಅದು ಬಲವಂತದ ರಾಜೀನಾಮೆಯೆಂದು ಅನಂತರ ಆರೋಪಿಸಿದರು. 2018ರ ಫೆಬ್ರವರಿಯಲ್ಲಿ ವಿರೋಧ ಪಕ್ಷದ ನಾಯಕರ ಬಿಡುಗಡೆಗೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿದಾಗ ಅಧ್ಯಕ್ಷ ಅಬ್ದುಲ್ಲಾ ಯಮೀನ್ ತುರ್ತು ಪರಿಸ್ಥಿತಿ ಘೋಷಿಸಿದರು. ಮುಖ್ಯ ನ್ಯಾಯಮೂರ್ತಿಯೂ ಸೇರಿ ಇಬ್ಬರು ನ್ಯಾಯಮೂರ್ತಿಗಳು ಬಂಧಿತರಾದರು, ಉಳಿದ ಮೂವರು ಬಿಡುಗಡೆಯ ಆದೇಶವನ್ನು ಹಿಂತೆಗೆದುಕೊಂಡರು. ಅದೇ ಸೆಪ್ಟೆಂಬರ್‌ನ ಚುನಾವಣೆಯಲ್ಲಿ ಯಮೀನ್ ಸೋತರು. 2023ರ ನವೆಂಬರ್ 17ರಿಂದ ಮೊಹಮದ್ ಮುಯಿಜ್ಜು ಅಧ್ಯಕ್ಷರಾಗಿದ್ದಾರೆ.

ಅಫ್ಘಾನಿಸ್ತಾನ

1973ರ ಜುಲೈ 17ರಂದು ದಾವೂದ್ ಖಾನ್ ದೊರೆ ಜಾಹಿರ್ ಷಾರನ್ನು ಪದಚ್ಯುತಗೊಳಿಸಿ ಗಣರಾಜ್ಯವನ್ನು ಘೋಷಿಸಿದರು. 2004ರ ಸಂವಿಧಾನವು ಪ್ರಬಲ ಅಧ್ಯಕ್ಷೀಯ ಪದ್ಧತಿಯನ್ನು ಸ್ಥಾಪಿಸಿತ್ತು. 2021ರ ಆಗಸ್ಟ್ 15ರಂದು ಅಧ್ಯಕ್ಷ ಅಶ್ರಫ್ ಘನಿ ದೇಶ ತೊರೆದು ಕಾಬೂಲ್ ತಾಲಿಬಾನ್ ವಶವಾಯಿತು. ಅಂದಿನಿಂದ ಪರಮಾಧಿಕಾರವು ಸರ್ವೋಚ್ಚ ನಾಯಕ ಹಿಬತುಲ್ಲಾ ಅಖುಂದ್‌ಜಾದಾ ಅವರಲ್ಲಿದೆ. ಅವರನ್ನು ಆರಿಸುವ ಚುನಾವಣೆಯಾಗಲಿ ಅವರ ಆಜ್ಞೆಯನ್ನು ಪ್ರಶ್ನಿಸಬಲ್ಲ ಶಾಸನಸಭೆಯಾಗಲಿ ಇಲ್ಲ.