ಕಬ್ಬಿನ ಲೋಳೆ, ನೂಲಿನ ಗಂಜಿ

ರಬಕವಿ-ಬನಹಟ್ಟಿಯ ನೇಕಾರರಿಗೆ ಗಂಜಿ ಬೇಕು. ಅದಿಲ್ಲದೆ ಹಾಸಿನ ಹತ್ತಿ ಎಳೆ ಮಗ್ಗದ ಉಜ್ಜಾಟ ತಾಳದು. ಪಕ್ಕದ ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ಸೀಮೆಯಲ್ಲಿ ಯಾರಿಗೂ ಬೇಡದ್ದು ಹಳಸಿದ ಕಬ್ಬಿನ ಲೋಳೆ. ಗಂಜಿಯ ಪಿಷ್ಟವೂ ಲೋಳೆಯ ಡೆಕ್ಸ್‌ಟ್ರಾನೂ ಗ್ಲೂಕೋಸ್ ಒಂದನ್ನೇ ಪೋಣಿಸಿದ ಸರಗಳು; ಬೇರೆಯಾಗಿರುವುದು ಗಂಟು. ಆ ಗಂಟು ಬಿಡಿಸುವ ವಿದ್ಯೆ ಬೆಳೆದದ್ದರಲ್ಲಿ ಕಾರ್ಖಾನೆಗಳ ಕಿರಿಕಿರಿಯ ಪಾಲೂ ಇದೆ.

ಯುರೋಪಿನ ಬೀಟ್ ಸಕ್ಕರೆ ಕಾರ್ಖಾನೆಗಳು ಈ ಲೋಳೆಯನ್ನು 'ಕಪ್ಪೆಮೊಟ್ಟೆ' ಎಂದು ಶಪಿಸುತ್ತಿದ್ದವು. ಇಂಥ ಲೋಳೆ ಸೂಕ್ಷ್ಮಜೀವಿಗಳ ಕೆಲಸವೆಂದು 1861ರಲ್ಲಿ ಪಾಶ್ಚರ್ ಕಂಡ. ಶೈಬ್ಲರ್ 1874ರಲ್ಲಿ ಇದನ್ನು ಕಾರ್ಬೋಹೈಡ್ರೇಟ್ ಎಂದು ತೋರಿಸಿದ. ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುವುದರಿಂದ ಡೆಕ್ಸ್‌ಟ್ರಾನ್ ಎಂಬ ಹೆಸರು ಬಂತು. ವಾನ್ ಟೀಗೆಮ್ 1878ರಲ್ಲಿ ಬ್ಯಾಕ್ಟೀರಿಯಾಕ್ಕೆ ಲ್ಯೂಕೊನೊಸ್ಟಾಕ್ ಎಂದು ಹೆಸರಿಟ್ಟ.

ಒಳರಚನೆ ತಿಳಿಯಲು ಮುಂದಿನ ಶತಮಾನವೇ ಬೇಕಾಯಿತು. ಸಕ್ಕರೆಗಳ ಉಂಗುರದಾಕಾರವನ್ನು ಸ್ಥಾಪಿಸಿದ ಹಾವರ್ತ್‌ಗೆ 1937ರಲ್ಲಿ ನೊಬೆಲ್ ಬಂತು. 1940ರಲ್ಲಿ ಮೇಯರ್ ಪಿಷ್ಟವನ್ನು ನೀಳ ಅಮೈಲೋಸ್, ಮರದಂತೆ ಕವಲೊಡೆದ ಅಮೈಲೋಪೆಕ್ಟಿನ್ ಎಂದು ಬೇರ್ಪಡಿಸಿದ. ಅಲ್ಲಿ ಮುಖ್ಯ ಗಂಟು ಆಲ್ಫಾ 1-4, ಅಂದರೆ ಒಂದು ಗ್ಲೂಕೋಸಿನ 1ನೇ ಇಂಗಾಲ ಪಕ್ಕದ್ದರ 4ನೆಯದಕ್ಕೆ ಕಟ್ಟಿಕೊಂಡದ್ದು. ಡೆಕ್ಸ್‌ಟ್ರಾನ್‌ನದು ಆಲ್ಫಾ 1-6, ಹೆಚ್ಚು ಸಡಿಲ, ಹೆಚ್ಚು ಬಾಗುವಂಥದ್ದು. ಅಮೆರಿಕದ ಪಿಯೋರಿಯಾದಲ್ಲಿ ಅಲೀನ್ ಜೀನ್ಸ್ 1954ರಲ್ಲಿ 96 ಬ್ಯಾಕ್ಟೀರಿಯಾ ತಳಿಗಳ ಡೆಕ್ಸ್‌ಟ್ರಾನ್‌ಗಳನ್ನು ಹೋಲಿಸಿ ನೋಡಿದಾಗ ತಳಿಗೊಂದು ರಚನೆ ಕಂಡಿತು. ಹೆಸರಾಂತ ಬಿ-512ಎಫ್ ತಳಿಯಲ್ಲಿ 1-6 ಗಂಟು ಸುಮಾರು ಶೇ. 95, ಉಳಿದದ್ದು 1-3ರ ಕವಲು. ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು ಇದೇ. ಅಷ್ಟರಲ್ಲಿ ಸ್ವೀಡನ್ನಿನಲ್ಲಿ ಇದೇ ಲೋಳೆ ಶುದ್ಧಗೊಂಡು, ರಕ್ತಸ್ರಾವವಾದವರ ನಾಳಕ್ಕೆ ಏರಿಸುವ ದ್ರವವಾಗಿತ್ತು!

ಲೋಳೆ ಹುಟ್ಟುವ ಬಗೆಯೂ ಸ್ವಾರಸ್ಯಕರ. ಕೊಯ್ದ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾದ ಕಿಣ್ವ ಸುಕ್ರೋಸನ್ನು ಮುರಿದು ಗ್ಲೂಕೋಸನ್ನು ಸರಕ್ಕೆ ಸೇರಿಸುತ್ತದೆ, ಫ್ರಕ್ಟೋಸನ್ನು ಬಿಟ್ಟುಬಿಡುತ್ತದೆ. ಜೀವಕೋಶವಿಲ್ಲದೆಯೂ ಕಿಣ್ವವೊಂದೇ ಇದನ್ನು ಮಾಡಬಲ್ಲದೆಂದು ಹೆಹ್ರೆ ತೋರಿಸಿದ್ದು 1941ರಲ್ಲಿ. ಇದೇ ಕುಟುಂಬದ ಕಿಣ್ವವೊಂದರ ಸ್ಫಟಿಕ ಚಿತ್ರ ಸಿಕ್ಕಿದ್ದು 2010ರಲ್ಲಷ್ಟೆ.

ಮಹಾಲಿಂಗಪುರದ ಸುತ್ತಿನ ಗಾಣಗಳ ಬೆಲ್ಲದಲ್ಲಿ ಇನ್ನೊಂದು ಲೋಳೆಯ ಕಥೆಯಿದೆ. ಕುದಿಯುವ ರಸಕ್ಕೆ ಬೆಂಡಿ ಗಿಡದ ಲೋಳೆ ಹಾಕಿದರೆ ಕೊಳೆ ನೊರೆಯಾಗಿ ಮೇಲೇಳುತ್ತದೆ, ಜಾಲರಿಯಿಂದ ತೆಗೆಯಬಹುದು. ಅದು ಗ್ಲೂಕೋಸಿನ ಸರವಲ್ಲ: ರ್‍ಯಾಮ್ನೋಸ್, ಗ್ಯಾಲಕ್ಟುರೋನಿಕ್ ಆಮ್ಲ ಒಂದಾದ ಮೇಲೊಂದು ಬರುವ ಬೆನ್ನೆಲುಬು, ಅದಕ್ಕೆ ಗ್ಯಾಲಕ್ಟೋಸಿನ ಕುಚ್ಚು.

ಕಾರ್ಖಾನೆಗೆ ಮರಳಿದರೆ ಡೆಕ್ಸ್‌ಟ್ರಾನ್ ರಸವನ್ನು ಗಟ್ಟಿ ಮಾಡುತ್ತದೆ, ಹರಳು ಬೆಳೆಯದಂತೆ ತಡೆಯುತ್ತದೆ, ಬೆಳೆದವನ್ನು ಸೂಜಿಯಂತೆ ಉದ್ದ ಎಳೆಯುತ್ತದೆ. ಸುಕ್ರೋಸಿಗಿಂತ ಸುಮಾರು ಮೂರು ಪಟ್ಟು ಬೆಳಕು ತಿರುಗಿಸುವುದರಿಂದ, ಆ ತಿರುವಿನಿಂದಲೇ ಸಕ್ಕರೆ ಅಳೆಯುವ ಪೋಲಾರಿಮೀಟರ್ ಇಲ್ಲದ ಸಕ್ಕರೆಯನ್ನು ಇದೆ ಎನ್ನುತ್ತದೆ. ಡೆಕ್ಸ್‌ಟ್ರಾನೇಸ್ ಕಿಣ್ವ ಈ ಸರವನ್ನು ತುಂಡರಿಸಬಲ್ಲದು, ಆದರೆ ಅದಕ್ಕೂ ದುಡ್ಡು ಬೇಕು. ಕಡಿದ ಕಬ್ಬು ತಡಮಾಡದೆ ನುರಿಯುವುದೇ ಅಗ್ಗದ ಮದ್ದು. ಗೇಟಿನ ಹೊರಗೆ ಸಾಲುಗಟ್ಟಿದ ಟ್ರ್ಯಾಕ್ಟರುಗಳಲ್ಲಿ ಕಬ್ಬು ಒಣಗುತ್ತ ರೈತನ ತೂಕ ಕರಗುತ್ತದೆ, ಒಳಗೊಳಗೆ 1-6 ಗಂಟುಗಳು ಬೀಳುತ್ತ ಸಕ್ಕರೆಯೂ ಕರಗುತ್ತದೆ.